ಅವ್ವನಿಗೆ ಓದಿ ಹೇಳಿದ ಸಬ್‌ಟೈಟಲ್

ಅವ್ವನ ಎಡಗಣ್ಣಿನ ಪೊರೆ ತೆಗೆಸಿದ ವಾರ ನಾನು ಬ್ಯಾಂಕಿಗೆ ರಜೆ ಹಾಕಿ ಧಾರವಾಡದಲ್ಲಿದ್ದೆ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧ ಬಿಡಬೇಕು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು, ಓದಬಾರದು. ಇವೆಲ್ಲಕ್ಕಿಂತ ಅವ್ವನಿಗೆ ಕಷ್ಟವಾಗಿದ್ದು ಸುಮ್ನೆ ಕೂರೋದು. ಪಾಠಕ್ಕೆ ಬರುವ ಮಕ್ಕಳಿಗೆ ವಾರ ಸೂಟಿ ಕೊಟ್ಟಿದ್ದಳು. ತಂಬೂರಿ ಗವಸು ಹಾಕಿಕೊಂಡು ಪಡಸಾಲೆಯ ಮೂಲೆಯಲ್ಲಿ ನಿಂತಿತ್ತು. ಮೂರನೇ ದಿನ ಮಧ್ಯಾಹ್ನ ಕರಿ ಕನ್ನಡಕದ ಒಳಗಿಂದಲೇ ನನ್ನ ಕಡೆ ತಿರುಗಿ, "ನಿನ್ನ ಲ್ಯಾಪ್‌ಟಾಪಿನ್ಯಾಗ ಹಾಡಿನ ಸಿನಿಮಾ ಏನರ ಇದ್ರ ಹಚ್ಚವಾ" ಅಂದಳು.

"ಎಂಥಾ ಹಾಡು?"

"ಯಾವುದರ. ಕುಣಿಯೂದು ಬ್ಯಾಡ. ಸಂಗೀತದ್ದು."

ಸಂಗೀತದ್ದು ಅಂದ ತಕ್ಷಣ ನನಗೆ ಯಾಕೆ ಆ ಸಿನಿಮಾನೇ ನೆನಪಾಯಿತೋ. ಇಂಗ್ಮಾರ್ ಬರ್ಗ್‌ಮನ್ ಮಾಡಿದ 'ಆಟಮ್ ಸೊನಾಟಾ'. 1978ರದ್ದು, ಸ್ವೀಡಿಶ್ ಭಾಷೆಯದ್ದು. ಹೆಸರಿನಲ್ಲಿ ಸೊನಾಟಾ ಇದೆ ಅಷ್ಟೇ, ಸಂಗೀತ ಇರುವುದು ಕೆಲವೇ ನಿಮಿಷ. ಉಳಿದ ಒಂದೂವರೆ ಗಂಟೆ ತಾಯಿ-ಮಗಳ ಜಗಳ. ಇದು ಗೊತ್ತಿದ್ದೂ ಹಚ್ಚಿದೆ. ಅವ್ವನಿಗೆ ಸಬ್‌ಟೈಟಲ್ ಓದಲು ಬರುವ ಹಾಗಿರಲಿಲ್ಲ. ಕಣ್ಣು ನೆಟ್ಟಗಿದ್ದರೂ ಆ ಇಂಗ್ಲಿಶ್ ಅವಳಿಗೆ ಆಗುತ್ತಿರಲಿಲ್ಲ. "ನಾ ಓದಿ ಹೇಳತೀನಿ ಬಿಡು" ಅಂದೆ. ಏನು ಒಪ್ಪಿಕೊಂಡೆ ಅನ್ನೋದು ಗೊತ್ತಾಗಿದ್ದು ಅರ್ಧ ಗಂಟೆಯ ನಂತರ.

ಕತೆ ಸಣ್ಣದು. ಎವಾ ಅಂತ ಮಗಳು, ನಾರ್ವೆಯ ಒಂದು ಹಳ್ಳಿಯಲ್ಲಿ ಪಾದ್ರಿಯ ಹೆಂಡತಿ. ತಾಯಿ ಶಾರ್ಲೊಟ್ ದೊಡ್ಡ ಪಿಯಾನೋ ಕಲಾವಿದೆ, ದೇಶ ದೇಶ ತಿರುಗಿ ಕಾರ್ಯಕ್ರಮ ಕೊಡುವವಳು. ಇಬ್ಬರೂ ಏಳು ವರ್ಷದಿಂದ ಭೇಟಿಯಾಗಿಲ್ಲ. ಆ ನಡುವೆ ಎವಾಳ ಸಣ್ಣ ಮಗ ನೀರಲ್ಲಿ ಮುಳುಗಿ ಹೋಗಿದ್ದಾನೆ. ತಾಯಿಯ ಜತೆಗಾರ ಲಿಯೊನಾರ್ಡೊ ಈಗ ತೀರಿಕೊಂಡಿದ್ದಾನೆ. ಆ ಸುದ್ದಿ ಕೇಳಿ ಮಗಳು ಪತ್ರ ಬರೆದು ತಾಯಿಯನ್ನು ಕರೆಯುತ್ತಾಳೆ. ತಾಯಿ ಬರುತ್ತಾಳೆ.

"ಏಳ ವರ್ಸ? ಮಗಳ ಮನಿಗೆ ಬರಾಕ?" ಅವ್ವ ಕೇಳಿದಳು.

ಇದೇ ತಕರಾರು ಆ ತಾಯಿಯ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಳದ್ದೂ ಆಗಿತ್ತು. ಯಾವ ತಾಯಿ ಇಷ್ಟು ಕಲ್ಲಾಗಿರ್ತಾಳೆ ಅಂತ ನಿರ್ದೇಶಕನ ಜತೆ ವಾದಕ್ಕೆ ಇಳಿದಿದ್ದಳು. (ಇಬ್ಬರು ಬರ್ಗ್‌ಮನ್‌ಗಳು ಸಂಬಂಧಿಕರಲ್ಲ. ನಾನು ಬಹಳ ವರ್ಷ ಅಣ್ಣ-ತಂಗಿ ಅಂದುಕೊಂಡಿದ್ದೆ.) ಆದರೆ ಇಂಗ್ರಿಡ್ ಕತೆಯೂ ಬೇರೆ ಇರಲಿಲ್ಲ. 1949ರಲ್ಲಿ ಒಂದು ಸಿನಿಮಾಕ್ಕೆ ಅಂತ ಇಟಲಿಗೆ ಹೋದವಳು ಅಲ್ಲೇ ಆ ಸಿನಿಮಾದ ನಿರ್ದೇಶಕ ರೊಸೆಲಿನಿ ಜತೆ ನಿಂತುಬಿಟ್ಟಳು. ಮಗಳು ಪಿಯಾ ಅಮೆರಿಕದಲ್ಲಿ ಉಳಿದಳು, ಹತ್ತು ವರ್ಷದ ಹುಡುಗಿ. ಆಮೇಲೆ ಹಲವು ವರ್ಷ ತಾಯಿ-ಮಗಳು ದೂರ ದೂರ. ಶಾರ್ಲೊಟ್ ಪಾತ್ರ ಮಾಡುವಾಗ ಇಂಗ್ರಿಡ್‌ಗೆ ಅರವತ್ತು ದಾಟಿತ್ತು, ಕ್ಯಾನ್ಸರ್ ಬಂದಿತ್ತು. 1982ರಲ್ಲಿ ತನ್ನ ಹುಟ್ಟಿದ ದಿನದಂದೇ ತೀರಿಕೊಂಡಳು. ಚಿತ್ರಮಂದಿರಕ್ಕೆ ಅಂತ ಮಾಡಿದ ಅವಳ ಕೊನೆಯ ಸಿನಿಮಾ ಇದು.

ನಾನು ಇದನ್ನ ಮೊದಲು ನೋಡಿದ್ದು ಇಪ್ಪತ್ತಾರನೇ ವಯಸ್ಸಿಗೆ, ಬೆಂಗಳೂರಿನ ಪಿಜಿಯಲ್ಲಿ, ಗೆಳತಿಯ ಡಿವಿಡಿಯಲ್ಲಿ. ಆಗ ಪೂರ್ತಿ ಎವಾಳ ಕಡೆ ಇದ್ದೆ. ಅವಳು ತಾಯಿಗೆ ಒಂದೊಂದು ಮಾತು ಅಂದಾಗಲೂ ಒಳಗೆ ತಣ್ಣಗಾಗುತ್ತಿತ್ತು. ಎರಡನೇ ಸಲ 2020ರ ಲಾಕ್‌ಡೌನಿನಲ್ಲಿ. ಅಷ್ಟರಲ್ಲಿ ನನಗೂ ಮಗಳಿದ್ದಳು. ಆ ಸಲ ಎವಾ ಮೇಲೆ ಸಿಟ್ಟು ಬಂತು. ಏನು ಈಕೆ, ಇಷ್ಟು ವಯಸ್ಸಾದರೂ ಎಲ್ಲಕ್ಕೂ ತಾಯಿಯನ್ನೇ ಹಿಡಿದು ಜಗ್ಗುತ್ತಾಳಲ್ಲ ಅನಿಸಿತು. ಮೂರನೇ ಸಲ ಇದು, ಸಪ್ತಾಪುರದ ಹಂಚಿನ ಮನೆಯಲ್ಲಿ, ಅವ್ವನ ಪಕ್ಕ, ಗೋದಿ ಹಿಟ್ಟಿನ ಡಬ್ಬಿಗೆ ಲ್ಯಾಪ್‌ಟಾಪ್ ಆನಿಸಿಟ್ಟುಕೊಂಡು.

ಅವ್ವ ಯಾರು ಅಂತ ಹೇಳಬೇಕು. ನಲವತ್ತು ವರ್ಷದಿಂದ ಮನೆಯಲ್ಲಿ ಹಿಂದೂಸ್ತಾನಿ ಪಾಠ ಹೇಳುತ್ತಾಳೆ. ಆಕಾಶವಾಣಿಯಲ್ಲಿ ಬಿ ಹೈ ಗ್ರೇಡ್ ಕಲಾವಿದೆ. ಓಣಿಯಲ್ಲಿ 'ಸಂಗೀತದ ಅಕ್ಕಾರ ಮನಿ' ಅಂದರೆ ಯಾರಾದರೂ ತೋರಿಸುತ್ತಾರೆ. ಬೇರೆಯವರ ಮಕ್ಕಳು ಸ್ವರಾಭ್ಯಾಸದ ಅದೇ ಪಲ್ಟಾ ನೂರು ಸಲ ತಪ್ಪಿದರೂ ನೂರೊಂದನೇ ಸಲ ಹೇಳಿಕೊಡುವಷ್ಟು ತಾಳ್ಮೆ. ನನ್ನ ಪಾಲಿಗೆ ಎರಡನೇ ಸಲಕ್ಕೇ ಹುಬ್ಬು ಏರುತ್ತಿತ್ತು.

ಸಿನಿಮಾಕ್ಕೆ ಬರ್ತೀನಿ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಶಾರ್ಲೊಟ್ ಬಂದವಳೇ ಲಿಯೊನಾರ್ಡೊ ಹೇಗೆ ಸತ್ತ ಅಂತ ಉದ್ದಕ್ಕೆ ಹೇಳುತ್ತಾಳೆ, ಹೇಳಿ ಮುಗಿಸಿ ಬೆನ್ನು ನೋವು ಅನ್ನುತ್ತಾಳೆ. ರಾತ್ರಿ ಊಟಕ್ಕೆ ಕೆಂಪು ಉಡುಪು ಉಟ್ಟು ಇಳಿದು ಬರುತ್ತಾಳೆ. ಮಲಗುವ ಮುಂಚೆ ಹಾಸಿಗೆಯಲ್ಲಿ ಕೂತು ದುಡ್ಡಿನ ಲೆಕ್ಕ ಹಾಕುತ್ತಾಳೆ, ಮಗಳಿಗೆ ತನ್ನ ಕಾರು ಕೊಟ್ಟುಬಿಟ್ಟು ತಾನು ಹೊಸದು ತಗೊಂಡರೆ ಹೇಗೆ ಅಂತ ಯೋಚಿಸುತ್ತಾಳೆ. ಅವ್ವನಿಗೆ ಇದು ಭಾಳ ಹಿಡಿಸಿತು. "ಹಳೇದು ಮಗಳಿಗೆ, ಹೊಸಾದು ತನಗ" ಅಂತ ನಕ್ಕಳು. ಆ ಮನೆಯ ಬಣ್ಣಗಳು ಕಂದು, ಕೇಸರಿ, ಒಣಗಿದ ಎಲೆಯ ಹಾಗೆ. ಕ್ಯಾಮೆರಾಮನ್ ಸ್ವೆನ್ ನೈಕ್ವಿಸ್ಟ್ ಹಿಡಿದ ಆ ಬೆಳಕಿನ ಬಗ್ಗೆ ಜನ ಪುಟಗಟ್ಟಲೆ ಬರೆದಿದ್ದಾರೆ. ಅವ್ವ ಕೇಳಿದ್ದು, "ಈ ಮನ್ಯಾಗ ದೀಪ ಹಚ್ಚಂಗಿಲ್ಲೇನು?"

ಆಮೇಲೆ ಪಿಯಾನೋ ಬಂತು.

ಎವಾ ಸ್ವಲ್ಪ ಪಿಯಾನೋ ಕಲಿತವಳು. ತಾಯಿ ಕೇಳಿದ್ದಕ್ಕೆ ಕೂತು ಸಂಗೀತ ರಚನೆಕಾರ ಶೋಪಾನ್‌ನ ಒಂದು ಪ್ರಿಲ್ಯೂಡ್ ಬಾರಿಸುತ್ತಾಳೆ. ಇಪ್ಪತ್ತನಾಲ್ಕರಲ್ಲಿ ಎರಡನೆಯದು. ಎರಡು ನಿಮಿಷದ ಸಣ್ಣ ತುಣುಕು. ಎಡಗೈ ಒಂದೇ ಸಮನೆ ಕರಕರೆ ಅನ್ನುತ್ತಿರುತ್ತದೆ, ಬಲಗೈಯಲ್ಲಿ ನಾಲ್ಕೈದು ಸ್ವರ ಬಂದು ಬಂದು ನಿಲ್ಲುತ್ತವೆ. ಎವಾ ಬಾರಿಸುವಾಗ ಕ್ಯಾಮೆರಾ ತಾಯಿಯ ಮುಖ ನೋಡುತ್ತದೆ. ಇಂಗ್ರಿಡ್ ಮುಖದಲ್ಲಿ ಅಯ್ಯೋ ಪಾಪ ಅನ್ನೋದೂ ಇದೆ, ಕಿವಿಗೆ ನೋವಾದವಳ ಸಂಕಟವೂ ಇದೆ.

ಅವ್ವ ಕನ್ನಡಕ ಮೂಗಿನ ಮೇಲೆ ಸರಿಸಿ ಮುಂದೆ ಬಾಗಿದಳು. ಬಾಗಬ್ಯಾಡ ಅಂದೆ. "ಹೆದರಿ ಬಾರಸಾಕತ್ತಾಳ" ಅಂದಳು. ಪಿಯಾನೋ ಬಗ್ಗೆ ಅವಳಿಗೆ ಏನೂ ಗೊತ್ತಿಲ್ಲ. ಆದರೂ ಸರಿಯಾಗಿ ಹೇಳಿದಳು.

ಮುಗಿದ ಮೇಲೆ ಮಗಳು ಕೇಳುತ್ತಾಳೆ, ಹೇಗಿತ್ತು? ತಾಯಿ, ನೀನು ಇಷ್ಟವಾದೆ ಅನ್ನುತ್ತಾಳೆ. ನಾನು ಅದನ್ನ "ಬಾರಿಸಿದ್ದು ಹೆಂಗಿತ್ತು ಅಂತ ಕೇಳಿದ್ರ, ನೀ ಚೊಲೋ ಕಂಡಿ ಅಂದ್ಲು" ಅಂತ ಹೇಳಿದೆ. ಅವ್ವ ಜೋರಾಗಿ ನಕ್ಕಳು. "ಜಾಣಿ ಇದ್ದಾಳ." ಮಗಳು ಬಿಡೋದಿಲ್ಲ, ಒತ್ತಾಯ ಮಾಡುತ್ತಾಳೆ. ಆಗ ಶಾರ್ಲೊಟ್ ವಿವರಿಸುತ್ತಾಳೆ. ಶೋಪಾನ್‌ನಲ್ಲಿ ನೋವಿದೆ, ಆದರೆ ಅವನು ತೋರಿಸುವುದಿಲ್ಲ. ಒಂದು ಗಳಿಗೆ ಹಗುರಾಗುತ್ತದೆ, ಮತ್ತೆ ಅದೇ ನೋವು. ಇದನ್ನ ಮುದ್ದು ಮುದ್ದಾಗಿ ಬಾರಿಸಬಾರದು, ಒರಟಾಗಿ ಕೇಳಿಸಿದರೂ ಪರವಾಗಿಲ್ಲ. ಹೇಳಿ ತಾನೇ ಕೂತು ಬಾರಿಸುತ್ತಾಳೆ.

"ಆಕಿ ಖರೇ ಹೇಳ್ಯಾಳ. ಅಳಕೋತ ಹಾಡಬಾರದು" ಅಂದಳು ಅವ್ವ. ಒಂದು ಕ್ಷಣವೂ ತಡಮಾಡದೆ ತಾಯಿ ಕಡೆ ಸೇರಿಬಿಟ್ಟಿದ್ದಳು.

ತಾಯಿ ಬಾರಿಸುವಾಗ ಮಗಳು ಪಕ್ಕದಲ್ಲಿ ಕೂತಿದ್ದಾಳೆ. ಪಿಯಾನೋ ನೋಡೋದಿಲ್ಲ, ತಾಯಿಯ ಮುಖ ನೋಡುತ್ತಾಳೆ. ಎವಾ ಪಾತ್ರದ ಲಿವ್ ಉಲ್ಮನ್ ಆ ನೋಟ ನೋಡಿದ್ದಾಳಲ್ಲ, ಅದರ ಮುಂದೆ ಉಳಿದ ಸಿನಿಮಾದ ಮಾತೆಲ್ಲ ನನಗೆ ಜಾಸ್ತಿ ಆಯಿತು ಅನಿಸುತ್ತೆ. ಪ್ರೀತಿ, ಹೊಟ್ಟೆಕಿಚ್ಚು, ಅವಮಾನ, ಮೆಚ್ಚುಗೆ ಎಲ್ಲ ಆ ಕಣ್ಣಲ್ಲಿ ಒಟ್ಟಿಗೇ ಇವೆ. ತಾಯಿಗೆ ಕಾಣುವುದಿಲ್ಲ. ಅವಳ ಲಕ್ಷ್ಯ ಶೋಪಾನ್ ಮೇಲೆ.

"ಈಕಿ ಯಾಕ ಹಂಗ ನೋಡಾಕತ್ತಾಳ?" ಅವ್ವ ಕೇಳಿದಳು. ನಾನು ಸಬ್‌ಟೈಟಲ್ ಇಲ್ಲ ಅಂದೆ.

ನನಗೆ ಆಗ ಹತ್ತೊಂಬತ್ತು. ಗಣಪತಿ ಹಬ್ಬದ ಐದನೇ ದಿನ ರಾತ್ರಿ ನಮ್ಮ ಓಣಿಯ ಪೆಂಡಾಲಿನಲ್ಲಿ ಹಾಡು ಇಟ್ಟಿದ್ದರು. ಬಾಗೇಶ್ರೀ ರಾಗ ಹಾಡುವುದು ಅಂತ ಅವ್ವನೇ ನಿರ್ಧರಿಸಿದ್ದಳು. ಹಾರ್ಮೋನಿಯಂ ಮೇಲೆ ಅವಳೇ. ತಂಬೂರಿ ಮಧ್ಯಮಕ್ಕೆ ಶ್ರುತಿ ಮಾಡಿ ಕೊಟ್ಟಿದ್ದಳು, ಅದನ್ನ ಒಬ್ಬ ಶಿಷ್ಯೆ ನುಡಿಸುತ್ತಿದ್ದಳು. ವಿಲಂಬಿತ್ ಏಕತಾಲ್, ನಿಧಾನ ಗತಿಯ ತಾಳ. ಆರು ತಿಂಗಳು ತಿದ್ದಿ ತೀಡಿದ ಚೀಜು. ಎರಡು ಆವರ್ತನ ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ಸಮ್, ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಪೆಟ್ಟು, ತಪ್ಪಿತು. ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿಕೊಂಡೆ. ನಾಲ್ಕನೆಯದರಲ್ಲಿ ಮತ್ತೆ ತಪ್ಪುತ್ತೆ ಅಂತ ನನಗೇ ಗೊತ್ತಾಯಿತು. ಕಾಲು ಜೋಮು ಹಿಡಿದಿತ್ತು, ಗಂಟಲಲ್ಲಿ ಏನೋ ಕೂತಿತ್ತು. ಅಷ್ಟರಲ್ಲಿ ಪಕ್ಕದಿಂದ ಅವ್ವ ಮುಖಡಾ, ಅಂದರೆ ಚೀಜಿನ ಮೊದಲ ತುಣುಕು, ಎತ್ತಿಕೊಂಡು ಸಮ್ಮಿನ ಮೇಲೆ ಧೊಪ್ಪಂತ ಬಂದು ಕೂತಳು. ಮುಂದಿನ ಸಾಲಿನವರು "ವಾಹ್ವಾ" ಅಂದರು. ಅಲ್ಲಿಂದ ಮುಂದೆ ಅವಳೇ ಹಾಡಿದಳು. ಚೀಜಿನ ಎರಡನೇ ಭಾಗ ಅಂತರಾ, ಆಲಾಪ, ತಾನ್, ದ್ರುತ್. ನಾನು ಅವಳ ಪಕ್ಕ ಕೈ ಮಡಚಿಕೊಂಡು ನಲವತ್ತು ನಿಮಿಷ ಕೂತಿದ್ದೆ. ಭಾಳ ಚೆನ್ನಾಗಿ ಹಾಡಿದಳು. ಅದೇ ದೊಡ್ಡ ತೊಂದರೆ.

ಮರುದಿನ ಬೆಳಿಗ್ಗೆ ಪಾಠಕ್ಕೆ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ವಿದ್ವತ್ ಪರೀಕ್ಷೆಗೆ ಫೀ ತುಂಬಬೇಕಿತ್ತು, ತುಂಬಲಿಲ್ಲ. ಅವ್ವ ಯಾಕೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಿಕಾಂ ಮುಗಿಸಿದೆ, ಬೆಂಗಳೂರಿಗೆ ಹೋದೆ, ಮದುವೆಯಾದೆ, ವರ್ಗ ಮಾಡಿಸಿಕೊಂಡು ಹುಬ್ಬಳ್ಳಿಗೆ ಬಂದೆ. ನಮ್ಮ ಕಡೆಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ ಅಂತ ಹೊರಗಿನವರು ಅನ್ನುತ್ತಾರೆ. ಖರೇನೇ. ಕಾಯಿಪಲ್ಯದವನಿಗೆ, ಕಂಡಕ್ಟರ್‌ಗೆ, ಬೀಗರಿಗೆ ಬೇಕಾದ್ದು ಅಂತೀವಿ. ಅವ್ವ ನನ್ನ ಸೀರೆಯ ಬಣ್ಣದಿಂದ ಹಿಡಿದು ಗಂಡನ ಹೊಟ್ಟೆಯ ತನಕ ಎಲ್ಲದಕ್ಕೂ ನೆಟ್ಟಗೆ ಮಾತಾಡಿದ್ದಾಳೆ. ಆ ಒಂದು ರಾತ್ರಿಯ ಬಗ್ಗೆ ಮಾತ್ರ ಇಪ್ಪತ್ತನಾಲ್ಕು ವರ್ಷ ಇಬ್ಬರೂ ಬಾಯಿ ಬಿಟ್ಟಿಲ್ಲ. ದಿನಾ ರಾತ್ರಿ ಎಂಟೂವರೆಗೆ ಫೋನ್ ಇದ್ದೇ ಇರುತ್ತೆ. ಊಟ ಆತೇನು? ಏನ್ ಮಾಡಿದ್ದಿ? ಅಲ್ಲಿ ಮಳಿ ಐತೇನು? ಹುಬ್ಬಳ್ಳಿಗೂ ಧಾರವಾಡಕ್ಕೂ ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಮಳೆ ಇಲ್ಲಿ ಬಂದಿದ್ದು ಅಲ್ಲಿ ಬರದೇ ಎಲ್ಲಿಗೆ ಹೋಗುತ್ತೆ?

ಈ ಊರುಗಳಲ್ಲಿ ತಾಯಿ, ಮಗಳು, ಹಾಡು ಅಂದರೆ ಗಂಗೂಬಾಯಿ ಹಾನಗಲ್ ಮನೆಯ ಮಾತು ಬಂದೇ ಬರುತ್ತೆ. ಅವರ ತಾಯಿ ಅಂಬಾಬಾಯಿ ಕರ್ನಾಟಕಿ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದೂಸ್ತಾನಿ ಕಲಿಯಲಿ ಅಂತ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ತನ್ನ ಹಾಡಿನ ಧಾಟಿ ಮಗಳ ಕಂಠಕ್ಕೆ ಅಂಟಬಾರದು ಅಂತ ಹಾಡುವುದನ್ನೇ ಬಿಟ್ಟರು ಅಂತ ಹೇಳುತ್ತಾರೆ. ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗಿ ಬರುತ್ತಿದ್ದಳು. ಅವ್ವ ಈ ಕತೆಯನ್ನ ಹೊಸ ಮಕ್ಕಳು ಪಾಠಕ್ಕೆ ಸೇರಿದಾಗಲೆಲ್ಲ ಹೇಳುತ್ತಾಳೆ. ಹೇಳುವಾಗ ದನಿ ತುಂಬಿ ಬರುತ್ತೆ. ಹತ್ತೊಂಬತ್ತರ ನಾನು ಒಳಕೋಣೆಯಲ್ಲಿ ಕೂತು ಅದನ್ನ ಕೇಳಿ ಹಲ್ಲು ಕಚ್ಚುತ್ತಿದ್ದೆ.

ಗಂಗೂಬಾಯಿಯವರ ಮಗಳು ಕೃಷ್ಣಾ ಮುಂದೆ ತಾಯಿಯ ಜತೆ ವರ್ಷಗಟ್ಟಲೆ ವೇದಿಕೆಯ ಮೇಲೆ ಹಾಡಿದರು. 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ 2009ರ ತನಕ ಇದ್ದರು. ಹಳೆಯ ರೆಕಾರ್ಡಿಂಗ್ ಹಚ್ಚಿದರೆ ಆ ಗಂಡುದನಿಯಂಥ ಗಟ್ಟಿ ಕಂಠದ ಹಿಂದೆ ಇನ್ನೊಂದು ಕಂಠ ಸಣ್ಣಗೆ ಕೇಳುತ್ತೆ. ನನ್ನ ಕಿವಿ ಈಗಲೂ ಮೊದಲು ಹುಡುಕೋದು ಅದನ್ನೇ.

ನಾನೂ ಅವ್ವನ ಹಿಂದೆ ಕೂತವಳೇ. ಎಂಟನೇ ವಯಸ್ಸಿನಿಂದ ಅವಳ ಕಾರ್ಯಕ್ರಮಕ್ಕೆ ತಂಬೂರಿ ಹಿಡಿಯುತ್ತಿದ್ದೆ. ಅವ್ವ ಹಾಡುವಾಗ ನನಗೆ ಕಂಡಿದ್ದು ಅವಳ ಬೆನ್ನು. ತುರುಬಿನ ಪಿನ್ನು, ಅಬ್ಬಲಿಗೆ ಮಾಲೆ, ಕತ್ತಿನ ಮೇಲೆ ಬೆವರು, ತಾನ್ ಎತ್ತುವ ಮೊದಲು ಬಲಭುಜ ಒಂದಿಷ್ಟು ಮೇಲೇಳುವುದು. ಮುಖ ಜನರ ಕಡೆ. ಪಾಠ ಹೇಳುವಾಗ ಮುಖ ನೋಡಿದ್ದೇನೆ, ಆದರೆ ಅದು ನನ್ನ ತಪ್ಪು ಹುಡುಕುವ ಮುಖ, ಬೇರೆ. ಪೆಂಡಾಲಿನ ಆ ರಾತ್ರಿ ಪಕ್ಕದಲ್ಲೇ ಇದ್ದೆ, ನೋಡಬಹುದಿತ್ತು. ತಲೆ ಎತ್ತಲಿಲ್ಲ.

ಪಿಯಾನೋ ಮುಗಿದು ಸಿನಿಮಾದಲ್ಲಿ ರಾತ್ರಿ ಆಯಿತು. ತಾಯಿ ಕೆಟ್ಟ ಕನಸು ಬಿದ್ದು ಎದ್ದು ಕೆಳಗೆ ಬರುತ್ತಾಳೆ. ಮಗಳೂ ಬರುತ್ತಾಳೆ. ಮಾತು ಶುರುವಾಗುತ್ತದೆ. ಬೆಳಗಿನ ತನಕ ಮುಗಿಯುವುದಿಲ್ಲ.

ಮೊದಲು ನಾನು ಹುಷಾರಾಗಿ ಹೇಳುತ್ತಿದ್ದೆ. "ಆಕಿ ಸಣ್ಣಾಕಿ ಇದ್ದಾಗ ತಾಯಿ ಬಾಗಲಾ ಹಾಕ್ಕೊಂಡು ಬಾರಸ್ತಿದ್ಲಂತ. ಈಕಿ ಹೊರಗ ಕುಂತು ಕೇಳ್ತಿದ್ಲಂತ." ಕನ್ನಡದಲ್ಲಿ ಈ 'ಅಂತ' ದೊಡ್ಡ ಅನುಕೂಲ. ಯಾರದೋ ಮಾತು, ಯಾರಿಗೋ ಹೇಳಿದ್ದು, ನಾನು ನಡುವೆ ಬರೀ ಅಂಚೆಯವಳು. ಆದರೆ ಎವಾ ಮಾತಿನ ಓಟ ಜಾಸ್ತಿಯಾಯಿತು. ಒಂದು ಸಾಲು ಹೇಳಿ ಮುಗಿಸುವುದರಲ್ಲಿ ಎರಡು ಸಾಲು ಬಂದು ಹೋಗುತ್ತಿದ್ದವು. ಓಟಕ್ಕೆ ಸಿಕ್ಕು ಮೊದಲು ಬಿದ್ದುಹೋಗಿದ್ದು ಆ 'ಅಂತ'ವೇ.

"ನೀ ಕಾಫಿ ಕುಡಿಯಾಕ ನಿಲ್ಲಿಸಿದಾಗ ನಾ ಒಳಗ ಬರ್ತಿದ್ದೆ. ನೀ ಖರೇನ ಇದ್ದೀಯೇನು ಅಂತ ನೋಡಾಕ."

ಹೇಳಿದ ಮೇಲೆ ಕೋಣೆ ಸುಮ್ಮನಾಯಿತು. ಪರದೆಯ ಮೇಲೆ ಎವಾ ಬೈಯುತ್ತಲೇ ಇದ್ದಳು. ನಾನು ಅವ್ವನ ಕಡೆ ನೋಡಲಿಲ್ಲ. ಅವಳ ಕೈ ತೊಡೆಯ ಮೇಲಿತ್ತು, ಹೆಬ್ಬೆರಳು ಉಂಗುರವನ್ನ ತಿರುಗಿಸುತ್ತಿತ್ತು.

"ಚಹಾ ಮಾಡತೀಯೇನು?" ಅಂದಳು.

ಮಾಡಿದೆ. ಹಾಲು ಉಕ್ಕಿಸಿದೆ, ಕಟ್ಟೆ ಒರೆಸಿದೆ. ತಂದು ಕೊಟ್ಟೆ. "ಎಲ್ಲಿಗೆ ಬಂದಿತ್ತು?" ಅಂತ ಅವಳೇ ಕೇಳಿದಳು. "ಮಗಳು ಬೈಯಾಕತ್ತಿದ್ಲು." "ಹೂಂ. ಹಚ್ಚು."

ಈ ಸಲ ನಾನು ಕೆಲವು ಹಾರಿಸಿದೆ. ಎವಾ ಹದಿನೆಂಟಕ್ಕೆ ಬಸುರಾಗಿದ್ದು, ತಾಯಿ ಅದನ್ನ ತೆಗೆಸಿದ್ದು, ಅವೆಲ್ಲ ಯಾಕೆ ಅಂತ ಬಿಟ್ಟೆ. ಅವ್ವ ಬಿಡಲಿಲ್ಲ. "ಆಕಿ ಇಷ್ಟುದ್ದ ಮಾತಾಡಿದ್ಲು. ನೀ ಇಷ್ಟ ಹೇಳಿದಿ."

"ತಿರುಗಿ ತಿರುಗಿ ಅದನ್ನ ಹೇಳ್ತಾಳ, ಅವ್ವ."

"ನೀ ಸಣ್ಣಾಕಿ ಇದ್ದಾಗೂ ಹಿಂಗ. ಅಂತರಾ ನುಂಗತಿದ್ದಿ."

ಒಂದು ಕಡೆ ನಿಜವಾಗಿಯೂ ಸಿಕ್ಕಿಬಿದ್ದೆ. ನಿನಗೆ ನನ್ನ ಮೇಲೆ ಪ್ರೀತಿಯೇ ಇರಲಿಲ್ಲ ಅನ್ನುವ ಅರ್ಥದ ಮಾತು ಬಂತು. ಇದನ್ನ ಧಾರವಾಡದ ಕನ್ನಡದಲ್ಲಿ ತಾಯಿಗೆ ಹೇಗೆ ಹೇಳೋದು? 'ಪ್ರೀತಿ ಮಾಡಲಿಲ್ಲ' ಅಂದರೆ ಸಿನಿಮಾ ಹಾಡು ಆಗುತ್ತೆ, ನಮ್ಮ ಮನೆಯಲ್ಲಿ ಯಾರೂ ಯಾರನ್ನೂ 'ಪ್ರೀತಿ ಮಾಡಿದ್ದಿಲ್ಲ'. 'ಮಾಯಾ' ಅನ್ನಬಹುದು. 'ಅಂತಃಕರಣ' ಅನ್ನಬಹುದು, ಆದರೆ ಅಂತಃಕರಣ ಇಲ್ಲ ಅಂತ ಯಾರಿಗಾದರೂ ಅಂದರೆ ಅದು ಬೈಗುಳಕ್ಕಿಂತ ಕಡೆ. ನಾನು "ಕಳ್ಳು ಇರಲಿಲ್ಲ ಅಂತಾಳ" ಅಂದೆ. ಕರುಳಿಗೆ ನಮ್ಮ ಕಡೆಯ ಮಾತು. ಅಂತಾಳ ಅನ್ನೋದನ್ನ ಮತ್ತೆ ಸೇರಿಸಿಕೊಂಡಿದ್ದೆ, ಸುರಕ್ಷಿತವಾಗಿರಲಿ ಅಂತ.

ಅವ್ವ ಏನೂ ಅನ್ನಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟಳು.

ಬೆಳಗಿನ ಜಾವದ ಹೊತ್ತಿಗೆ ಶಾರ್ಲೊಟ್ ಸೋತು ಹೋಗಿ, ನಾನು ಮಾಡಿದ್ದೆಲ್ಲ ಕ್ಷಮಿಸು ಅಂತ ಮಗಳನ್ನ ಬೇಡಿಕೊಳ್ಳುತ್ತಾಳೆ. ಕ್ಷಮೆ ಅನ್ನೋದೂ ನಮ್ಮ ಮನೆಯ ಶಬ್ದ ಅಲ್ಲ. "ತಪ್ಪಾತು, ಹೊಟ್ಟ್ಯಾಗ ಹಾಕ್ಕೋ ಅನ್ನಾಕತ್ತಾಳ" ಅಂದೆ. ತಾಯಿಯ ಮಾತು ಅದು, ನನ್ನ ಬಾಯಿಂದ ಬಂತು, ನನ್ನ ತಾಯಿಯ ಕಿವಿಗೆ ಹೋಯಿತು. ಯಾರು ಯಾರಿಗೆ ಹೇಳಿದ ಹಾಗಾಯಿತು ಅಂತ ಗೊಂದಲ ಆಯಿತು. ಸಿನಿಮಾದ ಮಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಆದರೆ ಅವ್ವ ಆಗ ಇವರಿಬ್ಬರನ್ನೂ ನೋಡುತ್ತಿರಲಿಲ್ಲ. ಆ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ, ಹೆಲೆನಾ. ಕಾಯಿಲೆ ಬಿದ್ದು ಕೈಕಾಲು ಹೋದವಳು, ಮಾತೂ ಸರಿಯಾಗಿ ಹೊರಡದು. ತಾಯಿ ಅವಳನ್ನ ಎಲ್ಲೋ ಆಸ್ಪತ್ರೆಯಂಥ ಕಡೆ ಬಿಟ್ಟಿದ್ದಳು, ಎವಾ ಕರೆತಂದು ಇಟ್ಟುಕೊಂಡಿದ್ದಾಳೆ. ಕೆಳಗೆ ಜಗಳ ನಡೆದಾಗ ಹೆಲೆನಾ ಮಂಚದಿಂದ ಬಿದ್ದು ತೆವಳುತ್ತಾ ಹೊರಗೆ ಬಂದು "ಮಮ್ಮಾ, ಮಮ್ಮಾ" ಅಂತ ಕೂಗುತ್ತಾಳೆ. ಅದಕ್ಕೆ ಸಬ್‌ಟೈಟಲ್ ಓದಬೇಕಾಗಿರಲಿಲ್ಲ.

"ಆಕಿ ಕರಿಯಾಕತ್ತಾಳಲ್ಲ! ಇವ್ರಿಗೆ ಕೇಳಸೂದಿಲ್ಲೇನು?" ಅವ್ವ ಅರ್ಧ ಎದ್ದು ನಿಂತಿದ್ದಳು. "ಇಬ್ರೂ ಮಾತಾಡಿಕೋತ ಕುಂತಾರ. ಹೋಗಿ ಎತ್ತಬಾರದ ಆ ಹುಡುಗೀನ?"

ಮೂರು ಸಲ ನೋಡಿದ ನನಗೆ ಇದು ಹೊಳೆದಿರಲಿಲ್ಲ. ಹೆಲೆನಾ ಕಾಯಿಲೆಗೂ ತಾಯಿಯೇ ಕಾರಣ ಅಂತ ಎವಾ ಹೊರಿಸುವುದು ನನಗೆ ಯಾವಾಗಲೂ ಅತಿ ಅನಿಸಿತ್ತು, ಬರ್ಗ್‌ಮನ್ ಅಲ್ಲಿ ಕೈ ಭಾರ ಬಿಟ್ಟಿದ್ದಾನೆ ಅಂತ ತಕರಾರು ತೆಗೆದು ಅಷ್ಟಕ್ಕೇ ಹೆಲೆನಾಳನ್ನ ಮರೆತಿದ್ದೆ. ಒಮ್ಮೆ ಕೂತು ಮನಸ್ಸು ಬಿಚ್ಚಿ ಮಾತಾಡ್ರಿ, ಎಲ್ಲ ಸರಿಹೋಗುತ್ತೆ. ಮನೆಯಲ್ಲಿ ಏನೇ ಬಿರುಕು ಬಂದರೂ ಊರೆಲ್ಲ ಕೊಡುವ ಬುದ್ಧಿಮಾತು ಇದು. ಇಪ್ಪತ್ತಾರರಲ್ಲಿ ನಾನೂ ನಂಬಿದ್ದೆ, ಎವಾಳಿಗೆ ಸಿಕ್ಕ ಹಾಗೆ ಒಂದು ರಾತ್ರಿ ನನಗೂ ಸಿಗಬೇಕು ಅಂತ ಕಾದಿದ್ದೆ. ಈ ಸಿನಿಮಾದಲ್ಲಿ ಆ ರಾತ್ರಿ ಪೂರ್ತಿ ಸಿಗುತ್ತೆ, ಒಂದು ಮಾತೂ ಒಳಗೆ ಉಳಿಯುವುದಿಲ್ಲ, ಪಕ್ಕದಲ್ಲೇ ಕೂಗಿದವಳ ದನಿ ಯಾರಿಗೂ ಕೇಳಿಸುವುದಿಲ್ಲ. ತಾಯಿ ಊರು ಬಿಡುತ್ತಾಳೆ. ರೈಲಿನಲ್ಲಿ ತನ್ನ ಏಜೆಂಟನ ಮುಂದೆ ಕೂತು, ಹೆಲೆನಾ ಯಾಕಾದರೂ ಸಾಯಬಾರದು ಅನ್ನುತ್ತಾಳೆ. ಅದನ್ನ ನಾನು ಅವ್ವನಿಗೆ ಹೇಳಲಿಲ್ಲ. ಈ ಸಲ ಹಾರಿಸಿದ್ದು ಅವಳಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ ಬಿಟ್ಟಳು.

ಕೊನೆಗೆ ಎವಾ ಮತ್ತೆ ಪತ್ರ ಬರೆಯುತ್ತಾಳೆ. ನಾನು ತಪ್ಪು ಮಾಡಿದೆ, ಇನ್ನೂ ಹೊತ್ತು ಮೀರಿಲ್ಲ, ಮೀರಿರಬಾರದು ಅಂತ. ಸಿನಿಮಾ ಅಲ್ಲಿಗೆ ನಿಲ್ಲುತ್ತದೆ.

"ಪತ್ರ ಮುಟ್ಟಿತೇನು?" ಅವ್ವ ಕೇಳಿದಳು.

"ತೋರಸಂಗಿಲ್ಲ."

"ವಿಳಾಸ ಗೊತ್ತಿರತೈತಲ್ಲ. ಮುಟ್ಟಿರತೈತಿ ಬಿಡು."

ಲ್ಯಾಪ್‌ಟಾಪ್ ಮುಚ್ಚಿದೆ. ಸಂಜೆಯಾಗಿತ್ತು, ಧಾರವಾಡದ ಜಿಟಿ ಜಿಟಿ ಮಳೆ ಹಂಚಿನ ಮೇಲೆ ಶುರುವಾಗಿತ್ತು. ಇಷ್ಟು ಹೊತ್ತು ಬೇರೆಯವರ ಮಾತು ಆಡಿ ಆಡಿ ನಾಲಿಗೆ ಸಡಿಲಾಗಿತ್ತು ಅಂತ ಕಾಣುತ್ತೆ. ಕೇಳಿಬಿಟ್ಟೆ.

"ಅವ್ವ, ನಾ ಬಾಗೇಶ್ರೀ ಹಾಡಿದ್ದೆನಲ್ಲ, ಓಣ್ಯಾಗ, ಗಣಪತಿ ಹಬ್ಬದಾಗ. ನೆನಪೈತೇನು?"

"ನೆನಪಿಲ್ಲದ ಏನು." ಬಾಗಿಲ ಕಡೆ, ಮಳೆಯ ಕಡೆ ಮುಖ ಮಾಡಿ ಅಂದಳು. "ಅವತ್ತ ತಬಲಾ ಭಾಳ ಇಳದಿತ್ತು."

ನಾನು ಕಾದೆ. ಅಷ್ಟೇ ಇತ್ತು. ಅವಳ ಲೆಕ್ಕದಲ್ಲಿ ಆ ರಾತ್ರಿ ತಪ್ಪಿದ್ದು ತಬಲಾ. ಇಲ್ಲ, ಇಪ್ಪತ್ತನಾಲ್ಕು ವರ್ಷದಿಂದ ಇಂಥದೊಂದು ಉತ್ತರವನ್ನ ತಯಾರು ಮಾಡಿ ಇಟ್ಟುಕೊಂಡಿದ್ದಳೋ. ನನಗೆ ನಗು ಬಂತು. ಅವಳೂ ಯಾಕೋ ನಕ್ಕಳು.

ಆರು ಗಂಟೆಯ ಔಷಧದ ಹೊತ್ತಾಗಿತ್ತು. ಅವ್ವ ಮಂಚದ ಮೇಲೆ ಅಂಗಾತ ಮಲಗಿ ಕನ್ನಡಕ ತೆಗೆದಳು. ನಾನು ಕೈ ತೊಳೆದುಕೊಂಡು ಬಂದು ಅವಳ ಮೇಲೆ ಬಾಗಿ ಕೆಳಗಿನ ರೆಪ್ಪೆ ಜಗ್ಗಿ ಹಿಡಿದೆ. ಒಂದು ಹನಿ. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಹನಿಯಲ್ಲಿ ಸ್ವಲ್ಪ ಹೊರಗೆ ಬಂದು ಕಿವಿಯ ಕಡೆ ಇಳಿಯಿತು, ಅರಿವೆಯಿಂದ ಒತ್ತಿದೆ. ಐದು ನಿಮಿಷ ಕಣ್ಣು ತೆಗೆಯಬಾರದು, ಆಮೇಲೆ ಎರಡನೇ ಬಾಟಲಿಯದು. ಆ ಐದು ನಿಮಿಷವನ್ನ ಅವ್ವ ಗಡಿಯಾರದಿಂದ ಅಳೆಯುವುದಿಲ್ಲ. ವಿಲಂಬಿತ್ ಏಕತಾಲ್ ಹಿಡಿದು ಒಳಗೇ ಗುನುಗುತ್ತಾಳೆ, ಇಂತಿಷ್ಟು ಆವರ್ತನ ಆದರೆ ಐದು ನಿಮಿಷ ಅಂತ. ಹಿಂದಿನ ಎರಡು ದಿನ ಏನು ಗುನುಗಿದ್ದಳೋ ಲಕ್ಷ್ಯ ಕೊಟ್ಟಿರಲಿಲ್ಲ. ಇವತ್ತು ಬಾಗೇಶ್ರೀ.

ನಾನು ಮಂಚದ ಅಂಚಿನಲ್ಲೇ ಕೂತು ನೋಡಿದೆ. ಮಧ್ಯಮದ ಮೇಲೆ ನಿಂತಾಗ ಅವಳ ಹುಬ್ಬು ಏರುವುದಿಲ್ಲ, ಇಳಿಯುತ್ತದೆ. ಬಾಯಿ ಎಡಕ್ಕೆ ಒಂದಿಷ್ಟು ವಾಲುತ್ತದೆ. ಧೈವತಕ್ಕೆ ಹೋಗುವ ಮೊದಲು ಗದ್ದ ಮೇಲಕ್ಕೆ, ಸಣ್ಣ ಹುಡುಗಿ ಏನನ್ನೋ ಇಣುಕಿ ನೋಡುವ ಹಾಗೆ. ಸಮ್ಮಿನ ಹತ್ತಿರ ಬಂದು ನಿಲ್ಲಿಸಿದಳು. ಉಸಿರಿಗೆ ನಿಲ್ಲಿಸಿದಳೋ ಏನೋ. ನನ್ನ ಗಂಟಲು ಒಮ್ಮೆ ಅಲುಗಾಡಿತು, ದನಿ ಹೊರಡಲಿಲ್ಲ. ಅವಳು ಮುಂದಿನ ಆವರ್ತನ ಎತ್ತಿಕೊಂಡಳು.

"ಆತೇನು ಐದು ನಿಮಿಷ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಗೋಡೆಯ ಗಡಿಯಾರದಲ್ಲಿ ಎಂಟು ನಿಮಿಷ ಆಗಿತ್ತು.

"ಇನ್ನೂ ಇಲ್ಲ" ಅಂದೆ.